ಸರ್ ಜೋಸೆಫ್ ವಿಟ್‌ವರ್ತ್: ತಿರುಪಿನ ಮನುಷ್ಯ, ಬಂದೂಕಿನ ಮನುಷ್ಯ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇನೆಂದು ಒಪ್ಪಿಕೊಂಡಿದ್ದೆ. ಆಮೇಲೆ ನೋಡಿದರೆ ಅವರ ಬಗ್ಗೆ ಆಗಲೇ ಮೂರು ಲೇಖನ ಬಂದಿದ್ದವು. ಅದೇ ವಾರ ನಮ್ಮ ಅಣ್ಣನ ಮಗ, ಇದೇ ಶಾಲೆಯಲ್ಲಿ ಓದಿ ಸೈನ್ಯ ಸೇರಿದವನು, ರಜೆಯ ಮೇಲೆ ಊರಿಗೆ ಬಂದಿದ್ದ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಮಾತಾಡುವಾಗ, ಸಾವಿರ ಗಜದಾಚೆ ಗುರಿ ಹಿಡಿಯುವ ಬಂದೂಕು, ಅದರ ಮೇಲಿನ ದುರ್ಬೀನು, ಇವನ್ನೆಲ್ಲ ಮೊದಲು ಮಾಡಿದವರು ಯಾರು ಕಾಕಾ ಎಂದು ಕೇಳಿದ. ಅರ್ಧ ಉತ್ತರ ನನಗೆ ಗೊತ್ತಿತ್ತು. ಆ ನಳಿಗೆಯನ್ನು ಮಾಡಿದವನ ಹೆಸರನ್ನು ನಾನು ಮೂವತ್ತು ವರ್ಷ ಐಟಿಐ ಹುಡುಗರಿಗೆ ದಿನಾಲೂ ಹೇಳಿದ್ದೇನೆ, ಆದರೆ ಬಂದೂಕಿನ ಸಲುವಾಗಿ ಅಲ್ಲ, ತಿರುಪಿನ ಸಲುವಾಗಿ. ಹಳೆಯ ಪಂಪ್‌ಸೆಟ್ ಬಿಚ್ಚಿದವರಿಗೆಲ್ಲ ಆ ಹೆಸರು ಗೊತ್ತು. ಅರ್ಧ ಇಂಚಿನ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಒಂದು ಇಂಚಿನದಕ್ಕೆ 8. ಅದೇ ವಿಟ್‌ವರ್ತ್ ಥ್ರೆಡ್.

ಜೋಸೆಫ್ ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಊರಿನಲ್ಲಿ. ತಂದೆ ಶಾಲಾ ಮಾಸ್ತರ. ಹುಡುಗನಿಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ತಂದೆ ಧರ್ಮೋಪದೇಶಕನಾಗುವ ದಾರಿ ಹಿಡಿದ, ಸಂಸಾರ ಚೆದುರಿತು. ಹದಿನಾಲ್ಕನೆಯ ವಯಸ್ಸಿಗೆ ಹುಡುಗನ ಶಾಲೆ ಮುಗಿಯಿತು. ಡರ್ಬಿಶೈರಿನಲ್ಲಿ ಸಂಬಂಧಿಕರೊಬ್ಬರ ಹತ್ತಿ ಗಿರಣಿಯಲ್ಲಿ ಕೆಲಸ ಕಲಿಯಲು ಹಚ್ಚಿದರು. ಮುಂದೆ ಗಿರಣಿಯ ಯಜಮಾನಿಕೆಯಲ್ಲಿ ಪಾಲು ಸಿಗಲೆಂಬ ಆಸೆ ಹಿರಿಯರಿಗೆ. ಹುಡುಗನ ಕಣ್ಣು ಮಾತ್ರ ನೂಲಿನ ಮೇಲಿರಲಿಲ್ಲ, ನೂಲು ತೆಗೆಯುವ ಯಂತ್ರದ ಮೇಲಿತ್ತು. ನಾಲ್ಕು ವರ್ಷದಲ್ಲಿ ಗಿರಣಿಯ ಯಂತ್ರಗಳನ್ನೆಲ್ಲ ಅರಿತುಕೊಂಡು, ಒಂದು ದಿನ ಅಲ್ಲಿಂದ ಓಡಿಹೋಗಿ ಮ್ಯಾಂಚೆಸ್ಟರಿನಲ್ಲಿ ಕೂಲಿ ಮೆಕ್ಯಾನಿಕ್ ಆಗಿ ಸೇರಿದ.

1825ರಲ್ಲಿ ಮದುವೆಯಾಯಿತು. ಹೆಂಡತಿ ಫ್ಯಾನಿ, ಕಾಲುವೆಯ ದೋಣಿ ನಡೆಸುವವನ ಮಗಳು. ಅದೇ ವರ್ಷ ಗಂಡಹೆಂಡತಿ ಲಂಡನ್ನಿಗೆ ಹೋದರು. ಅಲ್ಲಿ ಹೆನ್ರಿ ಮಾಡ್‌ಸ್ಲೆಯ ಕಾರ್ಖಾನೆ ಆ ಕಾಲದ ಯಂತ್ರ ಕಸುಬಿನ ಗುರುಕುಲ. ಆಮೇಲೆ ಜೋಸೆಫ್ ಕ್ಲೆಮೆಂಟ್ ಎಂಬವನಲ್ಲಿಯೂ ಕೆಲಸ ಮಾಡಿದ. ಚಾರ್ಲ್ಸ್ ಬ್ಯಾಬೇಜ್‌ನ ಲೆಕ್ಕ ಮಾಡುವ ಯಂತ್ರ ತಯಾರಾಗುತ್ತಿದ್ದುದು ಅಲ್ಲಿಯೇ. ಕಂಪ್ಯೂಟರ್ ಪಾಠದಲ್ಲಿ ಬ್ಯಾಬೇಜ್ ಹೆಸರು ಓದಿರುವ ಮಕ್ಕಳು ಇದನ್ನು ಗಮನಿಸಬೇಕು. ಆತ ಯೋಚಿಸಿದ್ದನ್ನು ಲೋಹದಲ್ಲಿ ತೆಗೆಯಲು ಇಂಥ ಕೈಗಳು ಬೇಕಾಗಿದ್ದವು.

ಲಂಡನ್ನಿನಲ್ಲಿದ್ದಾಗಲೇ ವಿಟ್‌ವರ್ತ್ ತನ್ನ ಜೀವನದ ಮೊದಲ ದೊಡ್ಡ ಕೆಲಸಕ್ಕೆ ಕೈಹಾಕಿದ್ದು. ಕೇಳಿದರೆ ನಗು ಬರಬಹುದು. ಒಂದು ಲೋಹದ ಹಲಗೆಯನ್ನು ನಿಜವಾಗಿ ಸಪಾಟು ಮಾಡುವುದು, ಅಷ್ಟೇ. ನಮ್ಮ ಮನೆಗಳ ಬೀಸುವ ಕಲ್ಲನ್ನು ನೆನೆಯಿರಿ. ಮೇಲಿನ ಕಲ್ಲು, ಕೆಳಗಿನ ಕಲ್ಲು ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಕೂತಿರುತ್ತವೆ. ಹಾಗೆಂದು ಎರಡೂ ಸಪಾಟು ಎನ್ನಲಾಗದು. ಒಂದು ತುಸು ಉಬ್ಬಿರಬಹುದು, ಇನ್ನೊಂದು ಅಷ್ಟೇ ತಗ್ಗಿರಬಹುದು. ಎರಡನ್ನೇ ತಿಕ್ಕುತ್ತ ಹೋದರೆ ಈ ಮೋಸ ಎಂದಿಗೂ ಹೊರಬೀಳುವುದಿಲ್ಲ. ಮೂರು ಹಲಗೆ ತೆಗೆದುಕೊಳ್ಳಬೇಕು. ಮೊದಲನೆಯದಕ್ಕೆ ಎರಡನೆಯದು ಹೊಂದಬೇಕು, ಎರಡನೆಯದಕ್ಕೆ ಮೂರನೆಯದು ಹೊಂದಬೇಕು, ಮೂರನೆಯದು ಮತ್ತೆ ಮೊದಲನೆಯದಕ್ಕೆ ಹೊಂದಬೇಕು. ಉಬ್ಬು ಉಬ್ಬಿಗೆ ಹೊಂದಲಾರದು, ತಗ್ಗು ತಗ್ಗಿಗೆ ಹೊಂದಲಾರದು. ಮೂರೂ ಒಂದಕ್ಕೊಂದು ಹೊಂದಿದವೆಂದರೆ ಮೂರೂ ಸಪಾಟು. ಒಂದು ಹಲಗೆಗೆ ತೆಳ್ಳಗೆ ಬಣ್ಣ ಸವರಿ ಇನ್ನೊಂದರ ಮೇಲೆ ಇಟ್ಟು ಸರಿಸಿದರೆ ಎತ್ತರದ ಜಾಗದಲ್ಲಿ ಬಣ್ಣ ಅಂಟುತ್ತದೆ. ಆ ಚುಕ್ಕೆಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆದು ತೆಗೆಯುವುದು. ಮತ್ತೆ ಬಣ್ಣ, ಮತ್ತೆ ಕೆರೆತ. ಅಲ್ಲಿಯವರೆಗೆ ಜನ ಮರಳುಪುಡಿ ಹಾಕಿ ತಿಕ್ಕುತ್ತಿದ್ದರು. ಪುಡಿ ಒಂದು ಕಡೆ ನಿಂತು ಒಂದು ಕಡೆ ಸವೆಯುತ್ತಿತ್ತು. ಮೂರು ಹಲಗೆಯ ಯುಕ್ತಿಯ ಬೀಜ ಮಾಡ್‌ಸ್ಲೆಯ ಕಾರ್ಖಾನೆಯಲ್ಲಿಯೇ ಇತ್ತೆಂದು ಹೇಳುವವರಿದ್ದಾರೆ. ಇದ್ದಿರಬಹುದು. ಅದನ್ನು ಕೊನೆಮುಟ್ಟಿಸಿ ಊರಿಗೆಲ್ಲ ತಿಳಿಸಿಕೊಟ್ಟವನು ವಿಟ್‌ವರ್ತ್.

ನಾನು ಐಟಿಐಯಲ್ಲಿ ಕಲಿಯುವಾಗ ಒಂದು ಸಣ್ಣ ಹಲಗೆಯನ್ನು ಹೀಗೆ ಕೆರೆಯಲು ಹನ್ನೊಂದು ದಿನ ಹಿಡಿದಿತ್ತು. ಹನ್ನೆರಡನೆಯ ದಿನ ನಮ್ಮ ಗುರುಗಳು ನೋಡಿ, ಒಂದು ಮೂಲೆಯ ಮೇಲೆ ಬೆರಳಿಟ್ಟು, ಏನೂ ಹೇಳದೆ ಹೋದರು. ಆ ಮೂಲೆಗೆ ಇನ್ನೂ ಎರಡು ದಿನ ಬೇಕಾಯಿತು.

1833ರಲ್ಲಿ ಆತ ಮ್ಯಾಂಚೆಸ್ಟರಿಗೆ ಮರಳಿ ಒಂದು ಬಾಡಿಗೆ ಕೋಣೆಯಲ್ಲಿ ಸ್ವಂತ ಕಾರ್ಖಾನೆ ತೆರೆದ. ಲೇತ್, ಪ್ಲೇನಿಂಗ್ ಯಂತ್ರ, ಡ್ರಿಲ್ಲಿಂಗ್ ಯಂತ್ರಗಳನ್ನು ಮಾಡಿ ಮಾರುತ್ತಿದ್ದ. ಕೆಲವೇ ವರ್ಷಗಳಲ್ಲಿ ಅವಕ್ಕೆ ಸರಿಸಾಟಿ ಇಲ್ಲವೆಂದಾಯಿತು. ಆಗ ಪ್ರತಿಯೊಂದು ಕಾರ್ಖಾನೆಯ ತಿರುಪಿಗೂ ಅದರದೇ ಅಳತೆ. ಒಬ್ಬನ ಬೋಲ್ಟಿಗೆ ಇನ್ನೊಬ್ಬನ ನಟ್ಟು ಕೂಡುತ್ತಿರಲಿಲ್ಲ. ವಿಟ್‌ವರ್ತ್ ದೇಶದ ಬೇರೆ ಬೇರೆ ಕಾರ್ಖಾನೆಗಳಿಂದ ತಿರುಪುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯ ಮೇಲೆ 55 ಡಿಗ್ರಿ ಕೋನದ ಒಂದು ಥ್ರೆಡ್ಡನ್ನು 1841ರಲ್ಲಿ ಇಂಜಿನಿಯರುಗಳ ಸಭೆಯ ಮುಂದಿಟ್ಟ. ತನ್ನದೇ ದೊಡ್ಡದೆನ್ನದೆ ಎಲ್ಲರದರ ನಡುವಿನ ಅಳತೆ ಹಿಡಿದದ್ದರಿಂದ ಅದು ಬೇಗ ಒಪ್ಪಿತವಾಯಿತು.

ಆತನ ಇನ್ನೊಂದು ಯಂತ್ರವನ್ನು ವರ್ಣಿಸದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಇಂಚಿನ ಹತ್ತು ಲಕ್ಷದ ಒಂದು ಭಾಗವನ್ನು ಅಳೆಯುವ ಯಂತ್ರ ಅದು. ಇಂಚಿಗೆ 20 ಥ್ರೆಡ್ ಇರುವ ಒಂದು ತಿರುಪು. ಅದರ ತಲೆಗೆ 200 ಹಲ್ಲಿನ ಚಕ್ರ. ಆ ಚಕ್ರವನ್ನು ಒಂದು ಹಲ್ಲು ಸರಿಸಲು ಇನ್ನೊಂದು ಚಕ್ರ ಒಂದು ಪೂರ್ತಿ ಸುತ್ತು ತಿರುಗಬೇಕು. ಆ ಚಕ್ರದ ಅಂಚಿಗೆ 250 ಗೆರೆ. ಗುಣಿಸಿ ನೋಡಿ: 20, 200, 250. ಹತ್ತು ಲಕ್ಷವೇ ಬರುತ್ತದೆ. ಇಷ್ಟು ಸಣ್ಣ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೆ ಆತ ಅಳೆಯುವ ವಸ್ತುವಿನ ತುದಿಯಲ್ಲಿ ಒಂದು ಚಿಕ್ಕ ಉಕ್ಕಿನ ಬಿಲ್ಲೆ ಸಿಕ್ಕಿಸುತ್ತಿದ್ದ. ಸರಿಯಾದ ಬಿಗಿಯಲ್ಲಿ ಬಿಲ್ಲೆ ನಿಲ್ಲುತ್ತದೆ. ಒಂದು ಗೆರೆ ಸಡಿಲಿಸಿದರೆ ಬಿದ್ದುಹೋಗುತ್ತದೆ. ಉಕ್ಕಿನ ಕಂಬಿಗೆ ಬೆರಳು ತಾಗಿಸಿದರೆ ಆ ಬೆಚ್ಚಗಿಗೆ ಅದು ಹಿಗ್ಗಿದ್ದೂ ಗೊತ್ತಾಗುತ್ತಿತ್ತು. ಕಣ್ಣಿಗಿಂತ ಸ್ಪರ್ಶವೇ ನಂಬಿಕಸ್ತ ಎಂಬುದು ಆತ ಜೀವನವಿಡೀ ಹಿಡಿದುಕೊಂಡು ಬಂದ ಮಾತು.

ಇಂಥವನ ಹತ್ತಿರ 1854ರಲ್ಲಿ ಬ್ರಿಟಿಷ್ ಸರ್ಕಾರ ಬಂತು. ಕ್ರಿಮಿಯಾ ಯುದ್ಧದ ಕಾಲ. ಸೈನ್ಯಕ್ಕೆ ಎನ್‌ಫೀಲ್ಡ್ ಬಂದೂಕು ಲೆಕ್ಕವಿಲ್ಲದಷ್ಟು ಬೇಕು, ಅದನ್ನು ಮಾಡುವ ಯಂತ್ರಗಳನ್ನು ಮಾಡಿಕೊಡು ಎಂದರು. ಮೂರು ವರ್ಷದ ನಂತರ ನಮ್ಮ ದೇಶದ ಸಿಪಾಯಿಗಳು ಕೊಬ್ಬು ಸವರಿದ ಕಾಡತೂಸನ್ನು ಕಚ್ಚಲು ಒಲ್ಲೆನೆಂದರಲ್ಲ, ಅದು ಇದೇ ಬಂದೂಕಿನ ಕಾಡತೂಸು. ಬೇರೆ ಯಾರಾದರೂ ಆಗಿದ್ದರೆ ಆರ್ಡರ್ ಹಿಡಿದು ಹಣ ಎಣಿಸುತ್ತಿದ್ದರು. ವಿಟ್‌ವರ್ತ್ ಮಾತ್ರ, ನಳಿಗೆ ಹೇಗಿರಬೇಕೆಂದೇ ಇನ್ನೂ ಯಾರೂ ಪರೀಕ್ಷಿಸಿ ನೋಡಿಲ್ಲ, ಮೊದಲು ಅದು ತಿಳಿಯಲಿ ಎಂದು ಹಟ ಹಿಡಿದ. ಸರ್ಕಾರದ ಖರ್ಚಿನಲ್ಲಿ ಆತನ ಮನೆಯ ಆವರಣದಲ್ಲಿಯೇ 500 ಗಜ ಉದ್ದದ, ಗಾಳಿ ತಾಗದ ಮುಚ್ಚಿದ ಓಣಿಯೊಂದನ್ನು ಕಟ್ಟಿದರು. ಬಿರುಗಾಳಿಗೆ ಅದೊಮ್ಮೆ ಕುಸಿದುಬಿತ್ತು, ಮತ್ತೆ ಕಟ್ಟಿದರು. ಓಣಿಯುದ್ದಕ್ಕೂ ಅಲ್ಲಲ್ಲಿ ತೆಳು ಕಾಗದದ ಪರದೆ. ಗುಂಡು ತೂರಿಹೋದ ತೂತುಗಳನ್ನು ಸಾಲಾಗಿ ನೋಡಿದರೆ ಅದು ಹೋದ ದಾರಿ, ಅದರ ಓಲಾಟ ಎಲ್ಲವೂ ತಿಳಿಯುತ್ತಿತ್ತು.

ತಿಳಿದದ್ದು ಏನೆಂದರೆ, ದೂರ ಹೋಗಬೇಕಾದರೆ ಗುಂಡು ಸಣ್ಣ ವ್ಯಾಸದ್ದಾಗಿ ಉದ್ದವಾಗಿರಬೇಕು. ತೂಕ ಅಷ್ಟೇ ಇದ್ದು ಮುಖ ಚಿಕ್ಕದಾದರೆ ಗಾಳಿಯ ತಡೆ ಕಡಿಮೆ. ಆದರೆ ಉದ್ದನೆಯ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ. ಬುಗುರಿ ಆಡಿಸಿದವರಿಗೆ ಇದರ ಉಪಾಯ ಗೊತ್ತು: ಜೋರಾಗಿ ತಿರುಗಿದರೆ ನಿಲ್ಲುತ್ತದೆ, ತಿರುಗು ಕಡಿಮೆಯಾದರೆ ವಾಲುತ್ತದೆ. ಎನ್‌ಫೀಲ್ಡಿನ ನಳಿಗೆಯಲ್ಲಿ ಗುಂಡು 78 ಇಂಚಿಗೆ ಒಂದು ಸುತ್ತು ತಿರುಗುತ್ತಿತ್ತು. ವಿಟ್‌ವರ್ತ್ ಅದನ್ನು 20 ಇಂಚಿಗೆ ಒಂದು ಸುತ್ತು ಮಾಡಿದ. ನಳಿಗೆಯ ವ್ಯಾಸ 0.577 ಇಂಚಿನಿಂದ 0.451ಕ್ಕೆ ಇಳಿಯಿತು. ಗುಂಡಿನ ತೂಕ 530 ಗ್ರೇನ್, ಅಂದರೆ ಸುಮಾರು 34 ಗ್ರಾಂ, ಎನ್‌ಫೀಲ್ಡಿನದಕ್ಕೆ ಹೆಚ್ಚುಕಡಿಮೆ ಸಮ. ಗುಂಡು ಜಾರದೆ ತಿರುಗಲೆಂದು ನಳಿಗೆಯ ಒಳಮೈಯನ್ನು ಆರು ಮೂಲೆಯದಾಗಿ ಕೊರೆದು, ಗುಂಡನ್ನೂ ಆರು ಮೂಲೆಯದಾಗಿ ಎರಕ ಹೊಯ್ದ. ನನಗೆ ಇದರಲ್ಲಿ ಕಾಣುವುದು ಬೋಲ್ಟು ನಟ್ಟುಗಳೇ. ತಿರುಪಿನ ಮನುಷ್ಯ ಬಂದೂಕನ್ನೂ ಉದ್ದನೆಯ ತಿರುಪು ಎಂದೇ ತಿಳಿದುಕೊಂಡ.

1857ರ ಏಪ್ರಿಲ್‌ನಲ್ಲಿ ಹೈಥ್ ಎಂಬಲ್ಲಿನ ಸೈನಿಕ ಶಾಲೆಯಲ್ಲಿ ಎರಡೂ ಬಂದೂಕುಗಳ ಪರೀಕ್ಷೆ ನಡೆಯಿತು. 500 ಗಜದಲ್ಲಿ ಎನ್‌ಫೀಲ್ಡಿನ ಗುಂಡುಗಳು ಸರಾಸರಿ 27 ಇಂಚು ಆಚೀಚೆ ಬಿದ್ದರೆ ವಿಟ್‌ವರ್ತ್‌ನವು ನಾಲ್ಕೂವರೆ ಇಂಚಿನೊಳಗೆ. 1,400 ಗಜಕ್ಕೆ ಹೋದಾಗ ಎನ್‌ಫೀಲ್ಡಿಗೆ ಗುರಿಹಲಗೆಯೇ ಸಿಗಲಿಲ್ಲ, ವಿಟ್‌ವರ್ತ್ ಹೊಡೆಯುತ್ತಲೇ ಇತ್ತು. ಆದರೂ ಸೈನ್ಯ ಅದನ್ನು ಒಪ್ಪಲಿಲ್ಲ. ನಳಿಗೆ ತೀರ ಸಣ್ಣದು, ಮದ್ದಿನ ಮಸಿ ಬೇಗ ಕಟ್ಟುತ್ತದೆ, ಬೆಲೆ ಎನ್‌ಫೀಲ್ಡಿನ ಕೆಲವು ಪಟ್ಟು ಎಂದರು. ಮಸಿಯ ಮಾತು, ಬೆಲೆಯ ಮಾತು ಸುಳ್ಳಲ್ಲ. ಸಾಮಾನ್ಯ ಸಿಪಾಯಿ ಮಳೆ ಕೆಸರಿನಲ್ಲಿ ತುಂಬಿ ಹೊಡೆಯಬೇಕಾದ ಬಂದೂಕಿಗೂ, ಓಣಿಯಲ್ಲಿ ಕೂತು ಪರೀಕ್ಷಿಸುವ ಬಂದೂಕಿಗೂ ವ್ಯತ್ಯಾಸವಿದೆ. ನಳಿಗೆ ಸಣ್ಣದೆಂಬ ಮಾತು ಮಾತ್ರ ನಿಲ್ಲಲಿಲ್ಲ. 1871ರಲ್ಲಿ ಅದೇ ಸೈನ್ಯ ಒಪ್ಪಿಕೊಂಡ ಮಾರ್ಟಿನಿ ಹೆನ್ರಿ ಬಂದೂಕಿನ ನಳಿಗೆ 0.45 ಇಂಚಿನದು.

ಸೈನ್ಯ ಒಲ್ಲೆನೆಂದರೂ ಹೆಸರು ಹಬ್ಬಿತು. 1860ರ ಜುಲೈ 2ರಂದು ವಿಂಬಲ್ಡನ್ ಮೈದಾನದಲ್ಲಿ ರಾಷ್ಟ್ರೀಯ ಗುರಿಕಾರರ ಸಂಘದ ಮೊದಲ ಸ್ಪರ್ಧೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೊದಲೇ ಗುರಿ ಕೂಡಿಸಿಟ್ಟ ವಿಟ್‌ವರ್ತ್ ಬಂದೂಕಿಗೆ ರೇಷ್ಮೆಯ ದಾರ ಕಟ್ಟಿದ್ದರು. ವಿಕ್ಟೋರಿಯಾ ರಾಣಿ ದಾರ ಎಳೆದಳು. 400 ಗಜದಾಚೆಯ ಹಲಗೆಯ ನಟ್ಟನಡುವಿನಿಂದ ಒಂದೂಕಾಲು ಇಂಚು ಪಕ್ಕಕ್ಕೆ ಗುಂಡು ಬಿತ್ತು. ನಮ್ಮಲ್ಲಿ ಮಂತ್ರಿಗಳು ಗುಂಡಿ ಒತ್ತಿ ಉದ್ಘಾಟಿಸುವುದು ನೆನಪಾಗುತ್ತದೆ, ಆದರೆ ಗುರಿ ಅಷ್ಟು ಸರಿಯಾಗಿರುವುದು ಅಪರೂಪ.

ಈಗ ದುರ್ಬೀನಿನ ವಿಷಯ. ಸಾವಿರ ಗಜದಾಚೆ ನಿಂತ ಮನುಷ್ಯ ಎಷ್ಟು ಕಾಣುತ್ತಾನೆ? ಕೈ ಚಾಚಿ ಒಂದು ಸಾಸಿವೆ ಕಾಳು ಹಿಡಿಯಿರಿ, ಅದರಷ್ಟು. ಬಂದೂಕಿನ ತುದಿಯ ಗುರಿಮೊಳೆಯೇ ಅವನನ್ನು ಮುಚ್ಚಿಬಿಡುತ್ತದೆ. ನಳಿಗೆ ಎಷ್ಟೇ ಸರಿಯಿದ್ದರೂ ಕಣ್ಣಿಗೆ ಕಾಣದ್ದನ್ನು ಹೊಡೆಯಲಾಗದು. ಡೇವಿಡ್ ಡೇವಿಡ್‌ಸನ್ ಎಂಬ ಸ್ಕಾಟ್ಲೆಂಡಿನವನು ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಆತ ರೂಪಿಸಿದ ಹಿತ್ತಾಳೆ ಕೊಳವೆಯ ದುರ್ಬೀನು ವಿಟ್‌ವರ್ತ್ ಬಂದೂಕಿನ ಜೊತೆಗೂಡಿತು. ಅದನ್ನು ಬಂದೂಕಿನ ಮೇಲಲ್ಲ, ಎಡಮಗ್ಗುಲಿಗೆ ಕೂಡಿಸುತ್ತಿದ್ದರು. ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತಿತ್ತು. ಸಾಸಿವೆ ಕಾಳು ಹೆಸರುಕಾಳಾಯಿತು ಎನ್ನಿ. ಕೊಳವೆಯ ಮುಂದುಗಡೆಯನ್ನು ಏರಿಸಿ ಇಳಿಸಿ ದೂರಕ್ಕೆ ತಕ್ಕಂತೆ ಹೊಂದಿಸಬೇಕು, ಏಕೆಂದರೆ ಸಾವಿರ ಗಜ ಹೋಗಲು ಆ ಗುಂಡಿಗೆ ಸುಮಾರು ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ಅದು ಬಹಳ ಕೆಳಗೆ ಇಳಿದಿರುತ್ತದೆ. ಬಂದೂಕು ಹಿಂದಕ್ಕೆ ಒದ್ದಾಗ ಕೊಳವೆ ಕಣ್ಣಿಗೆ ಬಡಿದು, ಹೊಡೆಯುವವರ ಕಣ್ಣಸುತ್ತ ಕಪ್ಪಾಗುವುದು ಸಾಮಾನ್ಯವಾಗಿತ್ತಂತೆ. ಬಂದೂಕಿಗೆ ದುರ್ಬೀನು ಕಟ್ಟಿದ ಮೊದಲಿಗ ಡೇವಿಡ್‌ಸನ್ ಅಲ್ಲ. ಅಮೆರಿಕದಲ್ಲಿ ವಿಲಿಯಂ ಮಾಲ್ಕಮ್ 1855ರಿಂದಲೇ ಉದ್ದನೆಯ ದುರ್ಬೀನುಗಳನ್ನು ಮಾಡುತ್ತಿದ್ದ. ಅವನ್ನು ಕಟ್ಟುತ್ತಿದ್ದ ಅಲ್ಲಿನ ಸ್ಪರ್ಧೆಯ ಬಂದೂಕುಗಳಲ್ಲಿ ಕೆಲವು ಹದಿಮೂರು ಕಿಲೋದಷ್ಟು ಭಾರ, ಹೊತ್ತು ನಡೆಯುವುದೇ ಕಷ್ಟ. ವಿಟ್‌ವರ್ತ್ ಬಂದೂಕು ಮಾತ್ರ ಸಿಪಾಯಿಯ ಹೆಗಲಿಗೆ ತಕ್ಕ ತೂಕದ್ದು. ಸ್ಪರ್ಶವನ್ನೇ ನಂಬಿದವನ ಕೈಕೆಲಸಕ್ಕೆ ಹೀಗೆ ಬೇರೊಬ್ಬ ಕಣ್ಣು ಕೊಟ್ಟ.

ಆ ಕಣ್ಣು ತೆರೆದದ್ದು ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 1865ರವರೆಗೆ. ಗುಲಾಮರನ್ನಿಟ್ಟುಕೊಂಡು ಹತ್ತಿ ಬೆಳೆಯುತ್ತಿದ್ದ ದಕ್ಷಿಣದ ರಾಜ್ಯಗಳು ಬೇರೆಯಾಗಲು ಹೊರಟವು. ಉತ್ತರದವರು ಅವರ ಬಂದರುಗಳನ್ನೆಲ್ಲ ಹಡಗುಗಳಿಂದ ಮುಚ್ಚಿದರು. ಹತ್ತಿ ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಬಾಗಿಲು ಹಾಕಿದವು, ಕೂಲಿಯವರು ಉಪವಾಸ ಬಿದ್ದರು. ಆಗಲೇ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದದ್ದು, ಅದನ್ನು ಸಾಗಿಸಲೆಂದು ಮ್ಯಾಂಚೆಸ್ಟರಿನವರು ಕಾರವಾರ ಬಂದರಿನ ಮೇಲೆ ಕಣ್ಣಿಟ್ಟದ್ದು. ಯುದ್ಧ ಮುಗಿಯುತ್ತಲೇ ಬೆಲೆ ಬಿದ್ದುಹೋಯಿತು. ಇತ್ತ ದಕ್ಷಿಣದವರು ಕಾವಲು ತಪ್ಪಿಸಿ ಹಡಗಿನಲ್ಲಿ ತರಿಸಿಕೊಂಡ ಸರಕಿನಲ್ಲಿ ವಿಟ್‌ವರ್ತ್ ಬಂದೂಕುಗಳೂ ಇದ್ದವು. ಬಹಳ ಅಲ್ಲ, ಬೆಲೆ ಅಷ್ಟಿತ್ತು. ತುಕಡಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುವ ಒಬ್ಬಿಬ್ಬರಿಗೆ ಒಂದೊಂದು ಕೊಡುತ್ತಿದ್ದರು. ಅವರ ಮುಖ್ಯ ಕೆಲಸ ಶತ್ರುವಿನ ತೋಪುಗಾರರನ್ನು, ಅಧಿಕಾರಿಗಳನ್ನು ಹೆಕ್ಕಿ ಹೊಡೆಯುವುದು. ಆರು ಮೂಲೆಯ ಗುಂಡು ಗಾಳಿಯಲ್ಲಿ ಸಿಳ್ಳೆ ಹಾಕುತ್ತ ಬರುತ್ತಿತ್ತು.

1864ರ ಮೇ 9ರಂದು, ವರ್ಜೀನಿಯಾದ ಸ್ಪಾಟ್‌ಸಿಲ್ವೇನಿಯಾದಲ್ಲಿ, ಉತ್ತರದ ಸೇನಾಪತಿ ಜಾನ್ ಸೆಜ್‌ವಿಕ್ ತೋಪುಗಳನ್ನು ಸರಿಯಾದ ಜಾಗಕ್ಕೆ ನಿಲ್ಲಿಸುತ್ತಿದ್ದ. ಸಿಪಾಯಿಗಳು ಪ್ರೀತಿಯಿಂದ ಜಾನ್ ಕಾಕಾ ಎನ್ನುತ್ತಿದ್ದ ಮನುಷ್ಯ. ದೂರದಿಂದ ಸಿಳ್ಳೆ ಹಾಕುತ್ತ ಬರುವ ಗುಂಡುಗಳಿಗೆ ಹುಡುಗರು ತಲೆ ತಗ್ಗಿಸುವುದನ್ನು ಕಂಡು, ಇಷ್ಟು ದೂರದಿಂದ ಏನನ್ನೂ ಹೊಡೆಯಲಾರರೆಂದು ನಗುತ್ತ ಗದರಿದ. ಸ್ವಲ್ಪ ಹೊತ್ತಿನಲ್ಲೇ ಎಡಗಣ್ಣಿನ ಕೆಳಗೆ ಗುಂಡು ಬಿದ್ದು ಕುಸಿದ. ದೂರ 800ರಿಂದ 1,000 ಗಜವೆಂದು ಹೇಳುತ್ತಾರೆ. ಹೊಡೆದದ್ದು ತಾನೇ ಎಂದು ಮುಂದೆ ಒಬ್ಬರಿಗಿಂತ ಹೆಚ್ಚು ಜನ ಹೇಳಿಕೊಂಡರು. ಬಂದೂಕು ಮಾತ್ರ ವಿಟ್‌ವರ್ತ್ ಎಂಬುದು ರೂಢಿಯ ಮಾತು. ಇಂದಿಗೂ ಸೈನ್ಯದಲ್ಲಿ ದೂರದ ಗುರಿಯ ಪಾಠ ಹೇಳುವಾಗ ಈ ಕಥೆ ಬರುತ್ತದೆ. ನಮ್ಮ ಅಣ್ಣನ ಮಗನೂ ಅದನ್ನು ಕೇಳಿದ್ದ, ಬಂದೂಕಿನ ಹೆಸರು ಮಾತ್ರ ತಿಳಿದಿರಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಬೇಕು. ಇಂಚಿನ ಸಾವಿರದ ಒಂದು ಭಾಗ ತಪ್ಪಿದರೂ ನಾನು ಹುಡುಗರ ಕೆಲಸವನ್ನು ಹಿಂದಕ್ಕೆ ಕೊಟ್ಟವನು. ಸರಿಯಾದ ಅಳತೆ ಎಂದರೆ ಒಳ್ಳೆಯದೇ ಎಂದು ನಂಬಿ ಬಂದವನು. ಸೆಜ್‌ವಿಕ್ ಕಥೆ ಓದಿದ ದಿನ ಆ ಮೂರು ಸೆಕೆಂಡು ತಲೆಯಿಂದ ಹೋಗಲಿಲ್ಲ. ಆ ಗುಂಡು ಅಷ್ಟು ದೂರ ನೆಟ್ಟಗೆ ಹೋದದ್ದು ಒಬ್ಬ ತಬ್ಬಲಿ ಹುಡುಗ ಮೂರು ಹಲಗೆಗಳನ್ನು ಸಪಾಟು ಮಾಡುತ್ತ ಕೂತಿದ್ದರಿಂದ. ಲೇತಿನ ಹಾಸು ಸಪಾಟಿಲ್ಲದಿದ್ದರೆ ನಳಿಗೆ ನೆಟ್ಟಗೆ ಬರುವುದಿಲ್ಲ. ಅದೇ ಸಪಾಟು ಹಾಸಿನ ಮೇಲೆ ನಮ್ಮೂರಿನ ಹಿಟ್ಟಿನ ಗಿರಣಿಯ ಶಾಫ್ಟೂ ತಯಾರಾಗುತ್ತದೆ. ಇವೆರಡನ್ನು ಬೇರೆ ಬೇರೆ ಮಾಡಿ ಇಡುವುದು ನನ್ನಿಂದ ಆಗಿಲ್ಲ.

ವಿಟ್‌ವರ್ತ್ ಆಮೇಲೆ ತೋಪುಗಳನ್ನು ಮಾಡಿದ, ಅವುಗಳ ವಿಷಯದಲ್ಲಿ ಆರ್ಮ್‌ಸ್ಟ್ರಾಂಗ್ ಎಂಬ ಇನ್ನೊಬ್ಬ ಇಂಜಿನಿಯರನೊಡನೆ ವರ್ಷಗಟ್ಟಲೆ ಜಿದ್ದು ನಡೆಯಿತು, ಅಲ್ಲಿಯೂ ಸರ್ಕಾರ ಇವನ ಕಡೆ ಒಲಿಯಲಿಲ್ಲ. ಕರಗಿದ ಉಕ್ಕನ್ನು ಒತ್ತಿ ಅದರೊಳಗಿನ ಗಾಳಿಗುಳ್ಳೆ ತೆಗೆಯುವ ವಿಧಾನ ಕಂಡುಹಿಡಿದ. 1869ರಲ್ಲಿ ಬ್ಯಾರೊನೆಟ್ ಪದವಿ ಬಂತು. ಮಾತಿನಲ್ಲಿ ಒರಟು, ಹಟಮಾರಿ, ಸಮಿತಿಗಳ ಮುಂದೆ ಬಗ್ಗದವನು. ಈ ಗುಣವೇ ಆತನ ಬಂದೂಕಿಗೂ ತೋಪಿಗೂ ಅಡ್ಡ ಬಂತೆಂದು ನನಗನಿಸುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆತ 1868ರಲ್ಲಿ ಮಾಡಿದ ಕೆಲಸ. ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು, ಯಂತ್ರವಿದ್ಯೆ ಕಲಿಯುವ ಯುವಕರಿಗೆಂದು, ಸರ್ಕಾರದ ಮೂಲಕ ಸ್ಥಾಪಿಸಿದ. ಶರತ್ತು ಇಷ್ಟೇ: ಪುಸ್ತಕದ ಲೆಕ್ಕ ಬಂದರೆ ಸಾಲದು, ಕೈಕೆಲಸವೂ ಬರಬೇಕು, ಕೈಕೆಲಸ ಬಂದರೆ ಸಾಲದು, ಲೆಕ್ಕವೂ ಬರಬೇಕು. ಹದಿನಾಲ್ಕಕ್ಕೆ ಶಾಲೆ ಬಿಟ್ಟವನು, ಗಿರಣಿಯಿಂದ ಓಡಿಬಂದವನು ಅದನ್ನು ಬರೆದನೆಂಬುದು ಆ ಶರತ್ತಿನಲ್ಲೇ ಕಾಣುತ್ತದೆ. ಆ ವಿದ್ಯಾರ್ಥಿವೇತನ ಇಂದಿಗೂ ನಡೆದಿದೆ. 1874ರಲ್ಲಿ ಕಾರ್ಖಾನೆಯನ್ನು ಕಂಪನಿಯಾಗಿ ಮಾಡಿದಾಗ ಮೇಸ್ತ್ರಿಗಳಿಗೂ ಕೆಲಸಗಾರರಿಗೂ ಅದರಲ್ಲಿ ಪಾಲು ಕೊಟ್ಟ. ಮಕ್ಕಳಿರಲಿಲ್ಲ. 1887ರ ಜನವರಿ 22ರಂದು, ಆರೋಗ್ಯಕ್ಕೆಂದು ಹೋಗಿದ್ದ ಮಾಂಟೆ ಕಾರ್ಲೊದಲ್ಲಿ ತೀರಿಕೊಂಡ. ದೇಹವನ್ನು ಡರ್ಬಿಶೈರಿನ ಡಾರ್ಲಿ ಡೇಲ್ ಊರಿಗೆ ತಂದು ಹೂಳಿದರು. ಆಸ್ತಿಯ ಬಹುಭಾಗ ಶಾಲೆ, ಆಸ್ಪತ್ರೆ, ಉದ್ಯಾನಗಳಿಗೆ ಹೋಯಿತು. ಮ್ಯಾಂಚೆಸ್ಟರಿನಲ್ಲಿ ಆತನ ಹೆಸರಿನ ಕಲಾ ಸಂಗ್ರಹಾಲಯ ಈಗಲೂ ಇದೆ.

ನಮ್ಮ ದೇಶದಲ್ಲಿ ಮೆಟ್ರಿಕ್ ಅಳತೆ ಬಂದ ಮೇಲೆ ವಿಟ್‌ವರ್ತ್ ಥ್ರೆಡ್ ಹಿಂದೆ ಸರಿದಿದೆ, ಪೂರ್ತಿ ಹೋಗಿಲ್ಲ. ಕಳೆದ ತಿಂಗಳು ಶಾಲೆಗೆ ಸುಣ್ಣಬಣ್ಣ ಮಾಡುವಾಗ ಗಂಟೆಯನ್ನು ಇಳಿಸಿದ್ದರು. ಅದನ್ನು ತೂಗುಹಾಕಿದ ಬೋಲ್ಟು ಅರ್ಧ ಇಂಚಿನದು. ನನ್ನ ಹಳೆಯ ಗೇಜ್ ಹಿಡಿದು ನೋಡಿದೆ, ಇಂಚಿಗೆ 12. ಇವತ್ತಿನ ಅಂಗಡಿಯ 12 ಮಿಲಿಮೀಟರಿನ ನಟ್ಟು ಅದಕ್ಕೆ ಕೂಡದೆ ಪೇಂಟರ್ ಪೇಚಾಡುತ್ತಿದ್ದ. ನನ್ನಲ್ಲಿದ್ದ ಒಂದು ನಟ್ಟು ಕೊಟ್ಟೆ. ಅದರ ಜೊತೆಗೆ ನಾನು ನೌಕರಿಯಲ್ಲಿದ್ದಾಗ ಕೂಡಿಹಾಕಿದ ವಿಟ್‌ವರ್ತ್ ಟ್ಯಾಪ್ ಡೈಗಳ ಪೆಟ್ಟಿಗೆಯನ್ನೂ, ಹದಿಮೂರು ದಿನ ಹಿಡಿದು ಕೆರೆದ ಆ ಹಲಗೆಯನ್ನೂ ಶಾಲೆಯ ಪ್ರಯೋಗಾಲಯಕ್ಕೆ ಒಪ್ಪಿಸಿದ್ದೇನೆ. ಮಹೋತ್ಸವಕ್ಕೆ ಬರುವ ಹಳೆಯ ವಿದ್ಯಾರ್ಥಿಗಳು ವಿಜ್ಞಾನ ಶಿಕ್ಷಕರನ್ನು ಕೇಳಿದರೆ ತೆಗೆದು ತೋರಿಸುತ್ತಾರೆ. ಹಲಗೆಯ ಮೇಲೆ ಬೆರಳಾಡಿಸಬಹುದು, ಆಮೇಲೆ ಎಣ್ಣೆಬಟ್ಟೆಯಿಂದ ಒರೆಸಿ ಇಡಬೇಕು, ಬೆವರಿಗೆ ತುಕ್ಕು ಹಿಡಿಯುತ್ತದೆ.